ಹಳ್ಳಿ ಶಾಲೆಗಳ ಕಂಪ್ಯೂಟರ್ ಶಿಕ್ಷಣ: ಮುಕ್ತ ತಂತ್ರಾಂಶವೇ ತಕ್ಕ ದಾರಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಈಚಿನ ಪೀಳಿಗೆಯ ಪ್ರೊಸೆಸರೂ ಇರಬೇಕೆಂಬುದು ಸಂಸ್ಥೆಯ ನಿಯಮ. ಹೀಗಾಗಿ ಯಾವ ದೋಷವೂ ಇಲ್ಲದೆ ಕೆಲಸ ಮಾಡುತ್ತಿದ್ದ ಅಸಂಖ್ಯ ಯಂತ್ರಗಳು ಒಂದೇ ದಿನದಲ್ಲಿ ಹಳತೆನಿಸಿದವು. ಹುಬ್ಬಳ್ಳಿ-ಧಾರವಾಡದ ಕಚೇರಿಗಳು, ಜಿನ್ನಿಂಗ್ ಕಾರ್ಖಾನೆಗಳು, ಬೇಳೆ ಮಿಲ್ಲುಗಳು, ಅಮರಗೋಳ ಮಾರುಕಟ್ಟೆಯ ದಲಾಲಿ ಅಂಗಡಿಗಳು ಹೊರಹಾಕುವ ಇಂತಹ ಯಂತ್ರಗಳಿಗೆ ಉಳಿದಿರುವುದು ಎರಡೇ ದಾರಿ: ಒಂದು ಗುಜರಿ ಅಂಗಡಿ, ಇನ್ನೊಂದು ಮಾಲೀಕರ ಹುಟ್ಟೂರಿನ ಶಾಲೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದಿಂದ ಬಂದು ನಗರದಲ್ಲಿ ವ್ಯಾಪಾರ ಕಟ್ಟಿಕೊಂಡವರು ಊರಿನ ಶಾಲೆಯನ್ನು ಮರೆಯದೆ ಕಂಪ್ಯೂಟರ್ ದಾನ ಮಾಡುವುದು ಶ್ಲಾಘನೀಯ ಸಂಪ್ರದಾಯ. 2013ರ ಕಂಪನಿ ಕಾಯ್ದೆಯು ದೊಡ್ಡ ಸಂಸ್ಥೆಗಳಿಗೆ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ವಿಧಿಸಿದ ನಂತರ ಇಂತಹ ಕೊಡುಗೆಗಳಿಗೆ ಮತ್ತಷ್ಟು ಬಲ ಬಂದಿದೆ. ಆದರೆ ಸಮಾರಂಭದ ದಿನ ಯಾರೂ ಕೇಳದ ಒಂದು ಪ್ರಶ್ನೆಯಿದೆ. ಆ ಯಂತ್ರದೊಳಗೆ ಯಾವ ತಂತ್ರಾಂಶವಿದೆ, ಅದರಿಂದ ಮಕ್ಕಳು ಕಲಿಯುವುದೇನು? ಯಂತ್ರಗಳ ಸಂಖ್ಯೆಗಿಂತ ಈ ಪ್ರಶ್ನೆಯೇ ಮುಖ್ಯವಾದುದು.

ಮುಚ್ಚಿದ ವ್ಯವಸ್ಥೆ, ತೆರೆದ ವ್ಯವಸ್ಥೆ

ಪ್ರತಿಯೊಂದು ತಂತ್ರಾಂಶಕ್ಕೂ ಮೂಲ ಸಂಕೇತವೆಂಬ ಬರವಣಿಗೆಯಿರುತ್ತದೆ. ಅದನ್ನು ತಯಾರಕರು ತಮ್ಮಲ್ಲಿಯೇ ಇಟ್ಟುಕೊಂಡು, ಬಳಸುವ ಪರವಾನಗಿಯನ್ನಷ್ಟೇ ಮಾರಿದರೆ ಅದು ಮುಚ್ಚಿದ ವ್ಯವಸ್ಥೆ. ಮೂಲ ಸಂಕೇತವನ್ನು ಓದಲು, ತಿದ್ದಲು, ಪ್ರತಿ ಮಾಡಿ ಹಂಚಲು ಎಲ್ಲರಿಗೂ ಅನುಮತಿಯಿದ್ದರೆ ಅದು ಮುಕ್ತ ವ್ಯವಸ್ಥೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯೂ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕೂಡಿಕೊಂಡು ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುತ್ತಿವೆ. ಮಕ್ಕಳ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸೇ.

ವ್ಯಾಪಾರಸ್ಥರಿಗೆ ಇದನ್ನು ಕಿರ್ದಿ-ಖತಾವಣಿಯ ಉದಾಹರಣೆಯಿಂದ ಹೇಳಬಹುದು. ಲೆಕ್ಕದ ಪುಸ್ತಕವನ್ನು ಮುನೀಮನೊಬ್ಬನೇ ಓದಬಲ್ಲ ಗುಪ್ತಲಿಪಿಯಲ್ಲಿ ಬರೆಸಿದರೆ ಕೆಲಸವೇನೋ ಸಾಗುತ್ತದೆ. ಆದರೆ ಆತ ಬಿಟ್ಟುಹೋದ ದಿನ ಮಾಲೀಕನು ತನ್ನ ಲೆಕ್ಕಕ್ಕೇ ಪರಕೀಯನಾಗುತ್ತಾನೆ. ಎಲ್ಲರೂ ಬಲ್ಲ ಲಿಪಿಯಲ್ಲಿ, ಎಲ್ಲರೂ ಬಲ್ಲ ಪದ್ಧತಿಯಲ್ಲಿ ಬರೆದ ಲೆಕ್ಕಕ್ಕೆ ಆ ಭಯವಿಲ್ಲ.

ಕನ್ನಡದ ಅನುಭವವೇ ಇದಕ್ಕೆ ಸಾಕ್ಷಿ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವುಗಳಿಂದ ಕನ್ನಡವು ಕಂಪ್ಯೂಟರಿನಲ್ಲಿ ನೆಲೆಯೂರಿತು. ಆ ಉಪಕಾರ ಸಣ್ಣದಲ್ಲ. ಆದರೆ ಅಂದಿನ ದಸ್ತಾವೇಜುಗಳು ಆಯಾ ಫಾಂಟಿಗೆ ಕಟ್ಟುಬಿದ್ದಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಯೂನಿಕೋಡ್ ಎಂಬ ಮುಕ್ತ ಶಿಷ್ಟತೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ರಾಜ್ಯ ಸರ್ಕಾರವು ಅದನ್ನು ತನ್ನ ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಧಾರವಾಡ ಭಾಗದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳಿವೆ, ಓದುವವರು ವಿರಳ. ಕೆಲವೇ ವರ್ಷಗಳ ಹಿಂದಿನ ಕಡತಗಳಿಗೂ ಅದೇ ಗತಿ ಬರುವುದಾದರೆ ಅದು ಕಾಲದ ದೋಷವಲ್ಲ, ಆಯ್ಕೆಯ ದೋಷ.

ಎರಡು ರಾಜ್ಯಗಳ ಪಾಠ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಬಂದುದು 1984-85ರಲ್ಲಿ, ಕ್ಲಾಸ್ ಎಂಬ ಕೇಂದ್ರ ಯೋಜನೆಯ ಮೂಲಕ. ಆಗ ಬಂದ ಬಿಬಿಸಿ ಮೈಕ್ರೋ ಯಂತ್ರವನ್ನು ಚಾಲೂ ಮಾಡಿದೊಡನೆ ಅದು ಬೇಸಿಕ್ ಭಾಷೆಯಲ್ಲಿ ಆಜ್ಞೆಗಾಗಿ ಕಾಯುತ್ತಿತ್ತು. ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವುದೇ ಅಲ್ಲಿ ಮೊದಲ ಪಾಠವಾಗಿತ್ತು. ಮುಂದೆ ಬಣ್ಣಬಣ್ಣದ ಪರದೆಗಳು ಬಂದಂತೆ ಪಾಠವೂ ಬದಲಾಯಿತು. ಕಂಪ್ಯೂಟರ್ ಕಲಿಯುವುದೆಂದರೆ ಒಂದು ಕಂಪನಿಯ ತಂತ್ರಾಂಶದಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ನೆನಪಿಡುವುದು ಎಂಬಂತಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಬರುವ ವಿದ್ಯಾರ್ಥಿಗಳಲ್ಲಿಯೇ ಪ್ರೋಗ್ರಾಮ್ ಬರೆಯುವ ಅಭ್ಯಾಸ ಕುಗ್ಗಿರುವುದನ್ನು ಕಂಡು ಅಲ್ಲಿಯವರು 2012ರಲ್ಲಿ ರಾಸ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರನ್ನು ಹೊರತಂದರು. ಅದೂ ಲಿನಕ್ಸ್ ಮೇಲೆಯೇ ನಡೆಯುತ್ತದೆ.

ಕರ್ನಾಟಕವು 2001ರಲ್ಲಿ ಮಾಹಿತಿ ಸಿಂಧು ಯೋಜನೆಯನ್ನು ಆರಂಭಿಸಿ ಸಾವಿರದಷ್ಟು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ಒಯ್ದಿತು. ಕಲಿಸುವ ಹೊಣೆಯನ್ನು ಖಾಸಗಿ ತರಬೇತಿ ಸಂಸ್ಥೆಗಳಿಗೆ ಗುತ್ತಿಗೆ ನೀಡಲಾಯಿತು. 2004ರ ಕೇಂದ್ರ ಯೋಜನೆಯಡಿ ಬಂದ ಪ್ರಯೋಗಾಲಯಗಳಲ್ಲಿಯೂ ಗುತ್ತಿಗೆದಾರರೇ ಯಂತ್ರ ತಂದು, ಬೋಧಕರನ್ನು ನೇಮಿಸಿ, ಅವಧಿ ಮುಗಿದ ಮೇಲೆ ಶಾಲೆಗೆ ಒಪ್ಪಿಸಿ ಹೋಗುವ ಪದ್ಧತಿ ನಡೆಯಿತು. ಗುತ್ತಿಗೆ ಮುಗಿದಾಗ ಬೋಧಕನೂ ಹೋದ, ದುರಸ್ತಿಯೂ ನಿಂತಿತು. ಶಾಲೆಯ ಕಾಯಂ ಶಿಕ್ಷಕರಿಗೆ ಆ ಕೋಣೆ ಪರರ ಮನೆಯಂತೆಯೇ ಉಳಿದಿತ್ತು.

ಅದೇ 2001ರಲ್ಲಿ ನೆರೆಯ ಕೇರಳವು ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿ, ಅವರಲ್ಲಿಯೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಮಾಡಲಾಯಿತು. ಕ್ರಮೇಣ ಆ ರಾಜ್ಯದ ಶಾಲೆಗಳು ಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿದವು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ರೂಪುಗೊಂಡಿತು. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗಾಗಿ ತನ್ನದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಈ ಎರಡು ಮಾದರಿಗಳನ್ನು ಹೋಲಿಸಿ, ಹೊರಗುತ್ತಿಗೆಗಿಂತ ಶಿಕ್ಷಕರನ್ನು ಆಧರಿಸಿದ ಮಾದರಿಯೇ ಬೇರೂರುತ್ತದೆಂದು ತೋರಿಸಿತು.

ಕರ್ನಾಟಕವೂ ಈ ಪಾಠವನ್ನು ಕಲಿಯಲಿಲ್ಲವೆನ್ನಲಾಗದು. 2011ರಿಂದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ತರಬೇತಿ ದೊರೆಯಿತು. ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಸಂಗ್ರಹವೂ ಬೆಳೆಯಿತು. 2012ರ ರಾಷ್ಟ್ರೀಯ ನೀತಿಯು ಶಾಲೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದ ಆರಂಭದಿಂದಲೇ ಕೋಡಿಂಗ್ ಕಲಿಸಬೇಕೆನ್ನುತ್ತದೆ. ದಾರಿ ಗೊತ್ತಿದೆ, ಕೊರತೆಯಿರುವುದು ನಿರಂತರತೆಯಲ್ಲಿ.

ಆಕ್ಷೇಪಗಳ ಪರಿಶೀಲನೆ

ಉದ್ಯೋಗದಾತರು ಮೊದಲು ಎತ್ತುವ ಆಕ್ಷೇಪ ನ್ಯಾಯವಾದುದೇ. ಅಂಗಡಿಯಲ್ಲಿ ನಡೆಯುವುದು ಟ್ಯಾಲಿ, ಕಚೇರಿಯಲ್ಲಿ ನಡೆಯುವುದು ಎಕ್ಸೆಲ್. ಶಾಲೆಯಲ್ಲಿ ಬೇರೇನೋ ಕಲಿತ ಹುಡುಗ ಅಥವಾ ಹುಡುಗಿಯಿಂದ ಏನು ಪ್ರಯೋಜನ ಎಂದು ಅವರು ಕೇಳುತ್ತಾರೆ. ಆದರೆ ಮಗು ಏಳನೆಯ ತರಗತಿಯಲ್ಲಿ ಕಾಣುವ ಪರದೆಯು ಅದು ಕೆಲಸಕ್ಕೆ ಸೇರುವಾಗ ಇರುವುದಿಲ್ಲ. ಆಫೀಸ್ 2003ರ ಪಟ್ಟಿಗಳನ್ನು ಬಾಯಿಪಾಠ ಮಾಡಿದವರು 2007ರ ಆವೃತ್ತಿಯ ಮುಂದೆ ತಬ್ಬಿಬ್ಬಾದರು. ಟ್ಯಾಲಿ ಇಆರ್‌ಪಿ 9ರ ಜಾಗಕ್ಕೆ 2020ರಲ್ಲಿ ಟ್ಯಾಲಿ ಪ್ರೈಮ್ ಬಂದಾಗ ಎಷ್ಟೋ ಅಂಗಡಿಗಳ ಗುಮಾಸ್ತರು ಹೊಸದಾಗಿ ಕಲಿಯಬೇಕಾಯಿತು. ಬೇಗ ಹೊಂದಿಕೊಂಡವರು ಯಾರೆಂದರೆ ಜಮಾ-ಖರ್ಚು ಬಲ್ಲವರು, ಕೋಷ್ಟಕದಲ್ಲಿ ಸೂತ್ರ ಹೇಗೆ ಕೆಲಸ ಮಾಡುತ್ತದೆಂದು ಅರಿತವರು. ಆ ಅರಿವು ಲಿಬ್ರೆಆಫೀಸಿನಲ್ಲಿ ಕಲಿತರೂ ಬರುತ್ತದೆ, ಎಕ್ಸೆಲ್ಲಿಗೆ ಒಂದು ವಾರದಲ್ಲಿ ಒಗ್ಗುತ್ತದೆ. ಅಂಗಡಿಯು ತನಗೆ ಬೇಕಾದ ತಂತ್ರಾಂಶವನ್ನು ಹಣ ಕೊಟ್ಟು ಬಳಸಲಿ; ಶಾಲೆಯ ಕೆಲಸ ಬೇರೆ.

ಎರಡನೆಯ ಆಕ್ಷೇಪ ದುರಸ್ತಿಯದು. ತಾಲೂಕು ಊರುಗಳ ರಿಪೇರಿ ಅಂಗಡಿಗಳಿಗೆ ವಿಂಡೋಸ್ ಗೊತ್ತು, ಲಿನಕ್ಸ್ ಗೊತ್ತಿಲ್ಲ. ಇದು ನಿಜವಾದ ತೊಡಕು. ಆದರೆ ಈಗ ದುರಸ್ತಿಯ ಹೆಸರಿನಲ್ಲಿ ಅನೇಕ ಕಡೆ ನಡೆಯುವುದು ಕಳ್ಳಪ್ರತಿಯನ್ನು ಮತ್ತೆ ಹಾಕುವುದು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಅಪರಾಧ. ಪೆನ್‌ಡ್ರೈವ್ ಮೂಲಕ ಬರುವ ವೈರಸ್ಸಿಗೂ ಅದೇ ಹೆಬ್ಬಾಗಿಲು. ತಮ್ಮ ಬ್ರ್ಯಾಂಡಿನ ನಕಲಿ ಮಾಲಿನಿಂದ ನಷ್ಟ ಅನುಭವಿಸುವ ಉದ್ಯಮಿಗಳು ಮಕ್ಕಳಿಗೆ ನಕಲಿ ಪ್ರತಿಯಿಂದ ಪಾಠ ಹೇಳಿಸುವುದು ಒಪ್ಪುವ ಮಾತಲ್ಲ. ಲಿನಕ್ಸನ್ನಾದರೋ ಒಂದು ಪೆನ್‌ಡ್ರೈವಿನಿಂದ ಶಿಕ್ಷಕರೇ ಎಷ್ಟು ಯಂತ್ರಗಳಿಗೆ ಬೇಕಾದರೂ ಕಾನೂನುಬದ್ಧವಾಗಿ ಹಾಕಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, 2015ರಲ್ಲಿ ಆರಂಭವಾದ ಐಐಐಟಿ ಇದೆ, 2016ರಲ್ಲಿ ಬಂದ ಐಐಟಿ ಇದೆ. ಇಂತಹ ನೆಲದಲ್ಲಿ ಲಿನಕ್ಸ್ ಬಲ್ಲ ಯುವಕರು ಸಿಗುವುದಿಲ್ಲವೆಂದರೆ ಹುಡುಕಿಲ್ಲವೆಂದೇ ಅರ್ಥ.

ಮೂರನೆಯ ಮಾತು ಫೋನಿನದು. ಈಗ ಪ್ರತಿ ಮನೆಗೂ ಮೊಬೈಲ್ ಬಂದಿರುವಾಗ ಕಂಪ್ಯೂಟರ್ ಏಕೆ ಎಂಬ ವಾದವಿದೆ. ಮೊಬೈಲಿನಲ್ಲಿ ಮಗು ನೋಡುತ್ತದೆ, ಆಡುತ್ತದೆ, ಕಟ್ಟುವುದು ಕಡಿಮೆ. ಕಟ್ಟುವ ಕಲಿಕೆಗೆ ಕೀಲಿಮಣೆ ಬೇಕು, ತೆರೆದು ನೋಡಲು ಬಿಡುವ ಯಂತ್ರವೂ ಬೇಕು.

ಊರಿನ ವಸ್ತುವೇ ಪಾಠ

ಮುಕ್ತ ವ್ಯವಸ್ಥೆಯ ದೊಡ್ಡ ಲಾಭ ಹಣದ ಉಳಿತಾಯವಲ್ಲ. ಪಾಠವನ್ನು ಊರಿಗೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ವಿನ್ಯಾಸ ಸಿದ್ಧವಾಗಿಯೇ ಇದೆ. ಕಲಘಟಗಿಯ ಕಾಡಂಚಿನ ಹಳ್ಳಿಯಲ್ಲಿ ಇಂಟರ್‌ನೆಟ್ ಸರಿಯಾಗಿ ಸಿಗದಿದ್ದರೂ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಯಂತ್ರದಲ್ಲಿಯೇ ಇಟ್ಟು ಓದಿಸಬಹುದು. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್‌ನಿಂದ ಚಿಕ್ಕ ಮಕ್ಕಳೂ ಪ್ರೋಗ್ರಾಮ್ ಜೋಡಿಸಬಹುದು.

ಕುಂದಗೋಳದ ರೈತನ ಮಗಳು ಮೆಣಸಿನಕಾಯಿಯ ತೂಕ, ದರ, ಹಮಾಲಿಗಳನ್ನು ಹಾಕಿದರೆ ತಕಪಟ್ಟಿಯ ಲೆಕ್ಕ ಸರಿಯೇ ಎಂದು ಹೇಳುವ ಸಣ್ಣ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನಲ್ಲಿ ಬರೆಯಬಹುದು. ನವಲಗುಂದದ ವಿದ್ಯಾರ್ಥಿಗಳು ಹೆಸರು, ಈರುಳ್ಳಿ, ಹತ್ತಿಯ ದರಗಳನ್ನು ಕೃಷಿ ಮಾರಾಟ ವಾಹಿನಿಯಿಂದ ವಾರವಾರವೂ ಬರೆದಿಟ್ಟು ನಕ್ಷೆ ತೆಗೆಯಬಹುದು. ಹೀಗೆ ಕಲಿತ ಮಗುವಿಗೆ ಕಂಪ್ಯೂಟರ್ ಎಂದರೆ ಭಯವಿರುವುದಿಲ್ಲ. ವ್ಯಾಪಾರಿಗೂ ಅಂತಹ ಗುಮಾಸ್ತನೇ ಬೇಕು.

ಮುಚ್ಚಿಟ್ಟ ವಿದ್ಯೆ ಏನಾಗುತ್ತದೆ ಎಂಬುದಕ್ಕೆ ನವಲಗುಂದದ ಜಮಖಾನೆಯೇ ನಿದರ್ಶನ. ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ನೇಯ್ಗೆಯ ಗುಟ್ಟೂ ಹೊರಹೋದೀತೆಂದು ಹಿಂದೆ ಸೊಸೆಯರಿಗೆ ಮಾತ್ರ ಕಲಿಸುತ್ತಿದ್ದರೆಂದು ಹೇಳಲಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಲೆ ಇಂದು ಕೆಲವೇ ಕೈಗಳಲ್ಲಿ ಉಳಿದಿದೆ. ನೂಲಿನ ಬೆಲೆ, ಅಗ್ಗದ ಪೈಪೋಟಿ ಮುಂತಾದ ಕಾರಣಗಳೂ ಇವೆ. ಆದರೆ ಕಲಿಯುವ ಬಾಗಿಲು ಕಿರಿದಾಗಿದ್ದುದು ಅದಕ್ಕೆ ನೆರವಾಗಲಿಲ್ಲ.

ದಾನಿಗಳ ಹೊಣೆ

ಮುಕ್ತ ತಂತ್ರಾಂಶ ಹಾಕಿದ ಮಾತ್ರಕ್ಕೆ ಪಾಠ ನಡೆಯುವುದಿಲ್ಲ. ಕೇರಳವು ಗೆದ್ದುದು ಲಿನಕ್ಸಿನಿಂದ ಮಾತ್ರವಲ್ಲ, ಶಿಕ್ಷಕರಿಂದ. ಆದ್ದರಿಂದ ಹತ್ತು ಯಂತ್ರ ಕೊಡುವ ಬದಲು ಆರು ಯಂತ್ರ ಕೊಟ್ಟು, ಉಳಿದ ಹಣವನ್ನು ಇಬ್ಬರು ಶಿಕ್ಷಕರ ತರಬೇತಿಗೂ ಯುಪಿಎಸ್ ಬ್ಯಾಟರಿಗೂ ಮೀಸಲಿಡುವುದು ಮೇಲು. ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ಪೂರ್ಣವಾಗಿ ಅಳಿಸುವುದು ಅಥವಾ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಅವಶ್ಯ. ಇಲ್ಲದಿದ್ದರೆ ಗಿರಾಕಿಗಳ ವಿವರ, ಜಿಎಸ್‌ಟಿ ಲೆಕ್ಕಗಳೂ ಶಾಲೆಗೆ ಹೋದಾವು. ಅನಂತರ ಹಗುರವಾದ ಲಿನಕ್ಸ್ ಆವೃತ್ತಿ, ಕನ್ನಡ ಕೀಲಿಮಣೆ, ಕಲಿಕೆಯ ತಂತ್ರಾಂಶಗಳನ್ನು ಹಾಕಿಸಿ, ವರ್ಷಕ್ಕೆರಡು ಬಾರಿ ನೋಡಿಬರುವ ವ್ಯವಸ್ಥೆಯನ್ನು ಐದು ವರ್ಷಗಳವರೆಗಾದರೂ ಮಾಡಬೇಕು. ಒಬ್ಬೊಬ್ಬರಿಗೆ ಇದು ಹೊರೆಯಾದೀತು. ವ್ಯಾಪಾರಿಗಳು ಒಟ್ಟುಗೂಡಿ, ತಾಲೂಕಿಗೊಬ್ಬ ತಂತ್ರಜ್ಞನನ್ನು ಗೊತ್ತುಮಾಡಿದರೆ ಹೊರೆ ಹಗುರವಾಗುತ್ತದೆ.

ಕೊನೆಯದಾಗಿ, ಯಾವ ಖರ್ಚೂ ಇಲ್ಲದ ಒಂದು ಕೆಲಸ ಉದ್ಯೋಗದಾತರ ಕೈಯಲ್ಲಿಯೇ ಇದೆ. ಕೆಲಸ ಕೇಳಿ ಬಂದ ಯುವಕ-ಯುವತಿಯರನ್ನು ಯಾವ ತಂತ್ರಾಂಶ ಬರುತ್ತದೆಂದು ಕೇಳುವುದರ ಜೊತೆಗೆ, ಒಂದು ತಿಂಗಳ ಮಾರಾಟದ ಪಟ್ಟಿ ಕೊಟ್ಟು ಅದರಿಂದ ಏನು ತಿಳಿಯುತ್ತದೆಂದು ಲೆಕ್ಕ ಹಾಕಿ ತೋರಿಸಲು ಹೇಳಬೇಕು. ಸಂದರ್ಶನದಲ್ಲಿ ಕೇಳುವ ಪ್ರಶ್ನೆಯೇ ಮುಂದೆ ಶಾಲೆಯ ಪಾಠವಾಗುತ್ತದೆ. ಉದ್ಯಮಿಗಳು ಕಂಪನಿಯ ಹೆಸರನ್ನಷ್ಟೇ ಕೇಳುತ್ತಿರುವವರೆಗೆ ಶಾಲೆಗಳೂ ಅದನ್ನೇ ಕಲಿಸುತ್ತಿರುತ್ತವೆ.