ವ್ಯಾಧಿಗೆ ವಾಗ್ದಾನವು ಔಷಧವೆ?

ಮಾನ್ವಿ, ದೇವದುರ್ಗಗಳ ಓಣಿಗಳಲ್ಲಿಯೂ ದೂರದರ್ಶನದ ಪೆಟ್ಟಿಗೆಯು ಈಗ ಪುರಾಣಿಕನ ಪೀಠವನ್ನೇರಿ ಕುಳಿತಿರುವುದು ಸರ್ವವಿದಿತವಷ್ಟೆ. ಅದರೊಳಗಿಂದ ರೋಗಪರಿಹಾರದ ವಾಗ್ದಾನವನ್ನು ಮಾಡುವವರಲ್ಲಿ ಜಗದ್ವಿಖ್ಯಾತರಾದವರು ಬೆನ್ನಿ ಹಿನ್ನರು. ೧೯೫೨ರಲ್ಲಿ ಜಾಫಾ ಪಟ್ಟಣದಲ್ಲಿ ಜನಿಸಿ, ಅಮೆರಿಕೆಯ ಒರ್ಲಾಂಡೊ ನಗರದಲ್ಲಿ ೧೯೮೩ರಲ್ಲಿ ತಮ್ಮದೇ ಸಭೆಯನ್ನು ಸ್ಥಾಪಿಸಿದ ಈ ಪೆಂಟೆಕೋಸ್ಟಲ್ ಬೋಧಕರು, ೨೦೦೫ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನ ಪ್ರಾರ್ಥನಾಮಹೋತ್ಸವವನ್ನು ನಡೆಸಿದರು. ಅಪಾರ ಜನಸ್ತೋಮವು ನೆರೆಯಿತು, ಪ್ರತಿಭಟನೆಗಳೂ ನಡೆದವು.

ಅಂದಿನ ವಿರೋಧದಲ್ಲಿ ಮತಾಂತರದ ಭೀತಿಯೇ ಮುಂದಾಗಿದ್ದಿತು. ಆ ವಾದವು ನನಗೆ ಸಮ್ಮತವಲ್ಲ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ, ೧೮೯೪ರಲ್ಲಿ ಕನ್ನಡಕ್ಕೆ ಮಹಾಕೋಶವನ್ನಿತ್ತ ಕಿಟ್ಟೆಲರೂ ಕ್ರೈಸ್ತ ಮಿಷನರಿಗಳೇ. ಅವರ ಋಣವನ್ನುಂಡು ಅವರ ಮತವನ್ನು ಹಳಿಯುವುದು ವಿದ್ಯಾವಂತರಿಗೆ ಒಪ್ಪುವುದಲ್ಲ.

ನನ್ನ ಆಕ್ಷೇಪವೇ ಬೇರೆ. ರೋಗವು ತೊಲಗಿತೆಂದು ವೇದಿಕೆಯ ಮೇಲೆ ಸಾರುವುದು ಸುಲಭ. ಮನೆಗೆ ಮರಳಿದ ರೋಗಿಯ ಗತಿಯನ್ನು ವಿಚಾರಿಸುವವರಾರು? ಅಮೆರಿಕೆಯ ಎಚ್.ಬಿ.ಒ. ಸಂಸ್ಥೆಯು ೨೦೦೧ರಲ್ಲಿ ತೋರಿಸಿದ ಚಿತ್ರಕ್ಕಾಗಿ, ಹಿನ್ನರ ಸಭೆಯಲ್ಲಿ ಗುಣ ಹೊಂದಿದರೆನ್ನಲಾದ ಕೆಲವರನ್ನು ಹಿಂಬಾಲಿಸಿ ವಿಚಾರಿಸಿದರು, ಪವಾಡವು ಕಾಣಲಿಲ್ಲ. ೨೦೦೭ರಲ್ಲಿ ಸೆನೆಟ್ ಸದಸ್ಯ ಗ್ರಾಸ್ಲಿಯವರು ಆರು ಬೋಧಕಸಂಸ್ಥೆಗಳ ಲೆಕ್ಕಪತ್ರಗಳನ್ನು ಕೇಳಿದಾಗ ಅವುಗಳಲ್ಲಿ ಹಿನ್ನರದೂ ಒಂದಾಗಿದ್ದಿತು. ೨೦೧೧ರಲ್ಲಿ ಆ ವಿಚಾರಣೆಯು ದಂಡನೆಯಿಲ್ಲದೆ ಮುಗಿಯಿತೆಂಬುದನ್ನೂ ನ್ಯಾಯಕ್ಕಾಗಿ ಹೇಳತಕ್ಕುದು. ೨೦೧೯ರಲ್ಲಿ ಹಿನ್ನರು ತಾವೇ, ದೈವಕೃಪೆಗೆ ಹಣದ ಬೆಲೆ ಕಟ್ಟುವುದು ಅಪರಾಧವೆಂದು ಒಪ್ಪಿಕೊಂಡರು. ಅದಕ್ಕೆ ಮುನ್ನ ನಂಬಿ ಕಾಣಿಕೆಯಿತ್ತ ಬಡವರಿಗೆ ಈ ಒಪ್ಪಿಗೆಯಿಂದ ಬಂದ ಫಲವೇನು?

“ನಮ್ಮಲ್ಲಿಯೂ ಪವಾಡಕಥೆಗಳಿಲ್ಲವೆ?” ಎಂದು ವಾಚಕರು ಕೇಳಬಹುದು. ಅವಶ್ಯವಾಗಿ ಉಂಟು. ಮಾನ್ವಿಯ ಜಗನ್ನಾಥದಾಸರ ವ್ಯಾಧಿಯನ್ನು ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರುಷಗಳನ್ನು ಧಾರೆಯೆರೆದು ಕಳೆದರೆಂದು ನಮ್ಮ ಸೀಮೆಯ ಐತಿಹ್ಯ. ಅದನ್ನು ಚರಿತ್ರೆಯೆಂದು ನಾನು ವಾದಿಸೆನು. ಆದರೆ ತಾತ್ಪರ್ಯವನ್ನು ನೋಡಿರಿ: ಅಲ್ಲಿ ಕೊಟ್ಟವನು ಗುರು, ಪಡೆದವನು ರೋಗಿ. ಇಲ್ಲಿ ಕೊಡುವವನೇ ರೋಗಿ! ಈ ಒರೆಗಲ್ಲಿಗೆ ತಿಕ್ಕಿದರೆ, ಬೆಳಗಾಗುತ್ತಲೇ ಅದೇ ಪೆಟ್ಟಿಗೆಯಲ್ಲಿ ಗ್ರಹಶಾಂತಿಯನ್ನು ಮಾರುವ ನಮ್ಮವರ ಬಣ್ಣವೂ ನಿಲ್ಲದು. ಮಂತ್ರ ಕವಚಾದಿಗಳಿಂದ ನಿರ್ದಿಷ್ಟ ರೋಗಗಳು ವಾಸಿಯಾಗುವವೆಂದು ಜಾಹೀರು ಮಾಡುವುದನ್ನು ೧೯೫೪ರ ಕೇಂದ್ರ ಶಾಸನವೇ ನಿಷೇಧಿಸಿದೆ. ಶಾಸನಕ್ಕೆ ಮತಭೇದವಿಲ್ಲ, ನಮ್ಮ ಕೋಪಕ್ಕೆ ಮಾತ್ರ ಏಕಿರಬೇಕು?

ನೆರೆಯವನು ಪ್ರಾರ್ಥಿಸಿದರೆ ಪ್ರಾರ್ಥಿಸಲಿ, ಅಡ್ಡಿಮಾಡಬೇಡಿರಿ. ಆದರೆ ಅದನ್ನು ನೆಚ್ಚಿ ಅವನು ಗುಳಿಗೆಯನ್ನು ಬಿಡದಂತೆ ನೋಡಿಕೊಳ್ಳಿರಿ. ೨೦೦೭ರಿಂದ ರಾಯಚೂರಿನಲ್ಲಿ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ. ದೇವದುರ್ಗದ ಕೂಲಿಕಾರನಿಗೆ ಅಲ್ಲಿಯ ಬಾಗಿಲನ್ನು ತೋರಿಸಿ, ಚೀಟಿಯನ್ನು ಓದಿ ಹೇಳುವ ಒಬ್ಬ ಜೊತೆಗಾರನು ಬೇಕು. ಆ ಕೆಲಸಕ್ಕೆ ನಾವು ಹೋಗದಿದ್ದುದರಿಂದಲೇ ಪೆಟ್ಟಿಗೆಯ ದನಿಗೆ ಇಷ್ಟು ಬಲ ಬಂದಿತು. ಬೋಧಕರನ್ನು ನಿಂದಿಸುವ ಮೊದಲು ಈ ತಪ್ಪನ್ನು ನಾವು ತಿದ್ದಿಕೊಳ್ಳೋಣ.