ತಾಳ್ಮೆ ಯಾರಿಗೆ ಹೇಳ್ತೀವಿ, ಕೂಲಿ ಯಾವಾಗ ಕೊಡ್ತೀವಿ?



ಮುಂಗಾರು ನೆಲ್ಲು ಕಟಾವು ಮುಗೀತು. ಮಷಿನ್ ಗದ್ದಿಯಿಂದ ಹೊರಗ ಬಂದಾವ, ಹುಲ್ಲು ಕಟ್ಟೋರು ಒಳಗ ಹೋಗ್ಯಾರ. ಗಂಗಾವತಿ, ಕಾರಟಗಿ ಕಡೆ ಕ್ಯಾಂಪುಗಳಾಗ ಚರ್ಚಿನ ಮ್ಯಾಲೆ ನಕ್ಷತ್ರದ ದೀಪ ಕಟ್ಯಾರ, ಕ್ರಿಸ್‌ಮಸ್ ಬಂತು. ಈ ಸಲ ಔಷಧ, ಗೊಬ್ಬರದ ಮಾತು ಬ್ಯಾಡ. ಈ ಹಬ್ಬದಾಗ ಎಲ್ಲಾರ ಬಾಯಾಗ ಬರೋ ಎರಡು ಮಾತು, ಪ್ರೀತಿ ಮತ್ತು ತಾಳ್ಮೆ. ಅವು ನಮ್ಮ ಹೊಲ-ಗದ್ದಿಯಾಗ ಏನು ಕೆಲಸ ಮಾಡಬೇಕು ಅನ್ನೋದರ ಬಗ್ಗೆ ನನ್ನ ಅಭಿಪ್ರಾಯ ಬರೀತೀನಿ. ಚರ್ಚಿಗೆ ಹೋಗೋರೂ ಓದ್ರಿ, ಹೋಗದವರೂ ಓದ್ರಿ. ಯಾಕಂದ್ರ ಬೈಬಲ್‌ನಾಗ ತಾಳ್ಮೆಗೆ ಉದಾಹರಣೆ ಅಂತ ತೋರಿಸಿದವರಲ್ಲಿ ಒಬ್ಬ ನಮ್ಮಂಥ ರೈತ.

ಹೊಸ ಒಡಂಬಡಿಕೆಯೊಳಗ ಯಾಕೋಬನ ಪತ್ರಿಕೆ ಅಂತ ಐತಿ. ಅದರ 5ನೇ ಅಧ್ಯಾಯ, 7ನೇ ವಚನ. ರೈತ ಬಿತ್ತಿ ಮಳಿಗಾಗಿ ಹೆಂಗ ಕಾಯ್ತಾನೋ ಹಂಗ ನೀವೂ ಕಾಯ್ರಿ ಅನ್ನೋದು ಅದರ ಭಾವ. ಕನ್ನಡ ಬೈಬಲ್‌ನಾಗ ಅಲ್ಲಿನ ಎರಡು ಮಳಿಗೆ ನಮ್ಮ ಹೆಸರೇ ಇಟ್ಟಾರ: ಮುಂಗಾರು, ಹಿಂಗಾರು. ಆ ದೇಶದಾಗ ಮೊದಲನೇ ಮಳಿ ಅಕ್ಟೋಬರ್-ನವೆಂಬರ್ ಸುಮಾರಿಗೆ ಬಿತ್ತನಿಗೆ ಬರತೈತಿ, ಕೊನೇದು ಮಾರ್ಚ್-ಏಪ್ರಿಲ್‌ಗೆ ಕಾಳು ತುಂಬಾಕ. ಕುಷ್ಟಗಿ, ಯಲಬುರ್ಗಾದ ಎರೆಹೊಲದಾಗ ಬಿಳಿಜೋಳ, ಕಡಲಿ ಬಿತ್ತಿ ಮುಗಿಲು ನೋಡೋ ರೈತಗ ಈ ಮಾತು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ರ ಅದಕ್ಕಿಂತ ಮೂರು ವಚನ ಮ್ಯಾಲೆ, 4ನೇ ವಚನದಾಗ, ಇನ್ನೊಂದು ಮಾತು ಐತಿ. ಹೊಲ ಕೊಯ್ದ ಆಳಿಗೆ ಕೊಡದೇ ಇಟ್ಟುಕೊಂಡ ಕೂಲಿ ತಾನೇ ಕೂಗತೈತಿ, ಆ ಕೂಗು ದೇವರ ಕಿವಿಗೆ ಬಿದ್ದೈತಿ ಅಂತ ಅದರ ಅರ್ಥ. ಅಂದ್ರ ರೈತಗ ತಾಳ್ಮೆಯ ಮರ್ಯಾದಿ ಕೊಡೋಕಿಂತ ಮೊದಲು, ಹೊಲದ ಮಾಲೀಕಗ ಕೂಲಿ ಲೆಕ್ಕ ಕೇಳ್ಯಾರ. ನನ್ನ ಪ್ರಕಾರ ಈ ಎರಡು ವಚನ ಬ್ಯಾರೆ ಮಾಡಿ ಓದಬಾರದು.

ನಮ್ಮ ಕಡೆ ಏನಾಗತೈತಿ ನೋಡ್ರಿ. ಮಳಿಗಾಗಿ ತಿಂಗಳುಗಟ್ಟಲೆ ಕಾಯ್ತೀವಿ. ಡ್ಯಾಮಿನ ನೀರಿಗೆ ಕಾಯ್ತೀವಿ, ರೇಟಿಗೆ ಕಾಯ್ತೀವಿ. ಮನುಷ್ಯರ ಹತ್ರ ಬಂದಾಗ ಮಾತ್ರ ತಾಳ್ಮೆ ಮಾಡೋದು ಬಿಟ್ಟು ತಾಳ್ಮೆ ಹೇಳಾಕ ಶುರು ಮಾಡ್ತೀವಿ. ‘ತಾಳಿದವನು ಬಾಳಿಯಾನು’ ಅನ್ನೋ ಗಾದಿ ಒಳ್ಳೇದೇ. ಆದ್ರ ಅದನ್ನ ಯಾರು ಯಾರಿಗೆ ಹೇಳ್ತಾರ ಅಂತ ಒಮ್ಮೆ ಗಮನಿಸ್ರಿ. ನಾಟಿ ಹಚ್ಚಿದ ಹೆಣ್ಮಕ್ಕಳಿಗೆ ಮಾಲೀಕ ಹೇಳ್ತಾನ. ಕೆಳಗಿನ ಗದ್ದಿಯವನಿಗೆ ಮ್ಯಾಲಿನ ಗದ್ದಿಯವ ಹೇಳ್ತಾನ. ಸೊಸಿಗೆ ಅತ್ತಿ ಹೇಳ್ತಾಳ. ಬಲ ಇದ್ದವರು ಇಲ್ಲದವರಿಗೆ ಹೇಳಿದಾಗ ಅದು ತಾಳ್ಮೆ ಅಲ್ರಿ, ಬಾಯಿ ಮುಚ್ಚಿಸೋ ಉಪಾಯ.

ಮೊದಲು ಕೂಲಿ ಮಾತು. ನಾಟಿ ಟೈಮಿಗೆ ಒಣಬೇಸಾಯದ ಊರುಗಳಿಂದ ಟಂಟಂನಾಗ ಕುಂತು ಬರೋರು ಬೆಳಗಿನ ಜಾವ ರೊಟ್ಟಿ ಕಟ್ಟಿಕೊಂಡು ಬರ್ತಾರ. ಇಡೀ ದಿನ ಕೆಸರಿನಾಗ ಬಗ್ಗಿ ಹಚ್ಚಿ, ಸಂಜಿಗೆ ‘ಯಜಮಾನ್ರ, ರೊಕ್ಕ?’ ಅಂದ್ರ ‘ಸ್ವಲ್ಪ ತಾಳ್ರವಾ, ದಲಾಲಿ ಅಂಗಡಿಯಿಂದ ಬಂದಿಲ್ಲ’ ಅನ್ನೋ ಉತ್ತರ. ವಾರ ಹೋಗತೈತಿ, ಹದಿನೈದು ದಿನ ಹೋಗತೈತಿ. ಆ ಹೆಣ್ಮಗಳು ಸಂತಿ ಹೆಂಗ ಮಾಡ್ಬೇಕು?

ನಮ್ಮ ಕಷ್ಟವೂ ಸುಳ್ಳಲ್ಲ. ವ್ಯಾಪಾರಿ ರೊಕ್ಕ ತಡ ಮಾಡ್ತಾನ, ಸುಗ್ಗಿ ಬಂದಾಗಲೇ ರೇಟು ಇಳೀತೈತಿ, ಬ್ಯಾಂಕಿನ ನೋಟಿಸ್ ಮನಿಗೆ ಬರತೈತಿ. ‘ನನಗ ಬರದ ಹೊರತು ಎಲ್ಲಿಂದ ಕೊಡ್ಲಿ?’ ಅನ್ನೋ ಪ್ರಶ್ನಿ ನ್ಯಾಯದ್ದೇ. ಆದ್ರ ಕೊಡೋದರಾಗ ಒಂದು ಸರದಿ ಇರಬೇಕು. ಗೊಬ್ಬರದಂಗಡಿಯವನಿಗೆ ಹದಿನೈದು ದಿನ ತಡ ಆದ್ರ ಬಡ್ಡಿ ಹಾಕ್ಯಾನು, ಅವನ ಮನಿ ಒಲಿ ಆರೋದಿಲ್ಲ. ಕೂಲಿಯವರಿಗೆ ಇವತ್ತಿನ ದುಡಿಮಿ ಅಂದ್ರ ನಾಳಿನ ಊಟ. ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡ 24ನೇ ಅಧ್ಯಾಯದಾಗ ಬಡ ಆಳಿನ ಕೂಲಿ ಹೊತ್ತು ಮುಳುಗೋದರೊಳಗ ಕೊಡ್ರಿ ಅಂತ ಕಟ್ಟಳಿ ಇರೋದು ಇದಕ್ಕೇ. ಅವನು ಆ ರೊಕ್ಕದ ಮ್ಯಾಲೇ ಜೀವ ಇಟ್ಟಾನ ಅನ್ನೋ ಕಾರಣನೂ ಅಲ್ಲೇ ಕೊಟ್ಟಾರ. ನಾವು ಬೀಜಕ್ಕ, ಟ್ರ್ಯಾಕ್ಟರ್ ಬಾಡಿಗಿಗೆ ಮುಂಚೇನ ರೊಕ್ಕ ಹೊಂದಿಸ್ತೀವಿ. ನಾಟಿ ಕೂಲಿನೂ ಅದೇ ಪಟ್ಟಿಯಾಗ ಬರ್ಕೊಂಡ್ರ ಅರ್ಧ ತಂಟೆ ಮುಗೀತೈತಿ.

ಹಂಗಾದ್ರ ತಾಳ್ಮೆ ಎಲ್ಲಿ ಬೇಕು? ಮತ್ತಾಯನ ಸುವಾರ್ತೆ 18ನೇ ಅಧ್ಯಾಯದಾಗ ಯೇಸು ಹೇಳಿದ ಒಂದು ಕಥಿ ಐತಿ. ಒಬ್ಬ ಆಳು ಅರಸಗ 10,000 ತಲಾಂತು ಸಾಲ ಕೊಡಬೇಕಿತ್ತು. ಅದೇ ಆಳಿಗೆ ಇನ್ನೊಬ್ಬ ಆಳು 100 ದಿನಾರಿ ಕೊಡಬೇಕಿತ್ತು. ಒಂದು ದಿನಾರಿ ಅಂದ್ರ ಆಗಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದ್ರ ಮೊದಲನೇ ಸಾಲ 6 ಕೋಟಿ ದಿನದ ಕೂಲಿ, ಎರಡನೇದು 100 ದಿನದ್ದು. ಇವತ್ತಿನ ನಮ್ಮ ಕೂಲಿ ಹಾಕಿ ನೀವೇ ಗುಣಿಸಿ ನೋಡ್ರಿ. ಇಬ್ಬರೂ ಬಾಯಿ ಬಿಟ್ಟು ಕೇಳಿದ್ದು ಒಂದೇ ಮಾತು: ಸ್ವಲ್ಪ ತಾಳ್ಕೊಳ್ರಿ, ತೀರಿಸ್ತೀನಿ. ಅರಸ ದೊಡ್ಡ ಸಾಲ ಪೂರ್ತಿ ಬಿಟ್ಟ. ಬಿಡಿಸಿಕೊಂಡವ ಹೊರಗ ಬಂದು, ಸಣ್ಣ ಸಾಲದವನ ಕುತ್ತಿಗಿ ಹಿಡಿದ.

ಎರಡನೇ ಸಾಲ ಹಗುರ ಅಂತ ಕಥಿ ಹೇಳೋದಿಲ್ಲ, ಗಮನಿಸ್ರಿ. 100 ದಿನದ ಕೂಲಿ ಬಡವನಿಗೆ ದೊಡ್ಡದೇ, ಬರಬೇಕಾದವನಿಗೂ ದೊಡ್ಡದೇ. ಅಷ್ಟು ನಿಜವಾದ ಸಾಲದ ಮ್ಯಾಲೆ ತಾಳ್ಮೆ ಮಾಡು ಅಂತಾನೇ ಕಥಿ ಕೇಳತೈತಿ. ನಮ್ಮಲ್ಲಿ ಲೀಜಿಗೆ ಮಾಡೋ ಸಣ್ಣ ರೈತ ಎಕರೆಗೆ ಇಷ್ಟು ಚೀಲ ಅಂತ ಒಪ್ಪಿಕೊಂಡಿರ್ತಾನ. ಕಾಳುಗಟ್ಟೋ ಹೊತ್ತಿಗೆ ಗಾಳಿ-ಮಳಿಗೆ ಬೆಳಿ ನೆಲಕ್ಕ ಬಿತ್ತು, ಚೀಲ ಕಮ್ಮಿ ಬಂತು. ಸರಕಾರ ಸಾಲಮನ್ನಾ ಮಾಡಲಿ, ಬ್ಯಾಂಕು ಗಡುವು ಮುಂದ ಹಾಕಲಿ ಅಂತ ಕೇಳೋ ನಾವು, ಅವನ ಬಾಗಿಲಿಗೆ ಹೋದಾಗಲೂ ಅದೇ ಕೇಳ್ವಿಕಿ ನೆನಪಿಟ್ಟುಕೋಬೇಕು.

ನನ್ನ ಅಭಿಪ್ರಾಯ ಇಷ್ಟೇ ನೋಡ್ರಿ: ನಮಗ ಬರಬೇಕಾದ್ದರ ಮ್ಯಾಲೆ ತಾಳ್ಮೆ ಇರಲಿ, ನಾವು ಕೊಡಬೇಕಾದ್ದರ ಮ್ಯಾಲೆ ಅವಸರ ಇರಲಿ. ಇದು ತಿರುಗುಮುರುಗು ಆದ ಕಡೆ ಪ್ರೀತಿ ಅನ್ನೋ ಮಾತು ಬರೇ ಹಬ್ಬದ ಕಾರ್ಡಿನಾಗ ಉಳೀತೈತಿ.

ಇನ್ನ ನೀರು. ತುಂಗಭದ್ರಾ ಎಡದಂಡಿ ಕಾಲುವಿ ಸುಮಾರು 227 ಕಿ.ಮೀ. ಐತಿ, ನಮ್ಮ ಕೊಪ್ಪಳ ಜಿಲ್ಲಾ ದಾಟಿ ರಾಯಚೂರು ಕಡೆ ಹೋಗತೈತಿ. ಯೋಜನಿ ಮಾಡಿದಾಗ ಇದರ ಬಹುತೇಕ ಜಮೀನು ಕಮ್ಮಿ ನೀರಿನ ಬೆಳಿಗೆ ಅಂತ ಗುರುತು ಮಾಡಿದ್ರು. ಬೆಳೆದದ್ದು ನೆಲ್ಲು. ಅದರ ಪೆಟ್ಟು ಬೀಳೋದು ಮಾನ್ವಿ, ಸಿರವಾರ ಕಡೆಯ ಕೊನೇ ಭಾಗದವರಿಗೆ. ಅಷ್ಟು ದೂರ ಯಾಕ, ನಮ್ಮ ತೂಬಿನ ಕೆಳಗ ಕೊನೇ ಎರಡು ಎಕರೆಯವನಿಗೂ ಅದೇ ಪೆಟ್ಟು. ಹೂ ಬಿಡೋ ಹೊತ್ತಿನಾಗ ಅವನ ಗದ್ದಿ ಒಣಗಿದ್ರ ತೆನಿ ಜೊಳ್ಳಾಗತೈತಿ, ಆಮ್ಯಾಲೆ ಎಷ್ಟು ನೀರು ಬಿಟ್ರೂ ಕಾಳು ತುಂಬೋದಿಲ್ಲ. ಅವನಿಗೆ ‘ನಮ್ಮದು ಮುಗೀಲಿ, ತಾಳು’ ಅಂದ್ರ ಅವನ ಬೆಳಿ ತಾಳೋದಿಲ್ಲ.

ಇಲ್ಲಿ ಪ್ರೀತಿ ಮಾಡಾಕ ನಷ್ಟವೂ ಆಗಬೇಕಿಲ್ಲ. ನೆಲ್ಲಿಗೆ ದಿನಾ ನೀರು ನಿಲ್ಲಿಸಬೇಕು ಅನ್ನೋದು ರೂಢಿ ಅಷ್ಟೇ. ಒಂದು ಅಡಿ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕ ಸುತ್ತಲೂ ತೂತು ಹೊಡೀರಿ. ಆ ಅರ್ಧ ಮಣ್ಣಾಗ ಹುಗಿದು, ಒಳಗಿನ ಮಣ್ಣು ತೆಗೀರಿ. ನಾಟಿ ಆಗಿ ಎರಡು ವಾರ ದಾಟಿದ ಮ್ಯಾಲೆ, ಪೈಪಿನೊಳಗ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗ ಇಳಿಯೋತನಕ ಬೆಳಿಗೆ ಧಕ್ಕಿ ಇಲ್ಲ. ಇಳಿದಾಗ 5 ಸೆಂ.ಮೀ. ನೀರು ಕಟ್ಟಿದ್ರ ಸಾಕು. ಹೂ ಬಿಡೋ ದಿನಗಳಾಗ ಮಾತ್ರ ನೀರು ನಿಂತಿರಲಿ. ಅಕ್ಕಿ ಸಂಶೋಧನೆ ಮಾಡೋರು ಬಹಳ ವರ್ಷದಿಂದ ಹೇಳ್ತಿರೋ ಪದ್ಧತಿ ಇದು. ಮ್ಯಾಲಿನವ ಹಿಂಗ ಉಳಿಸಿದ ನೀರು ಕೆಳಗಿನವನ ಹೂವಿಗೆ ಮುಟ್ಟಿದ್ರ, ನೆರೆಯವನನ್ನ ಪ್ರೀತಿಸು ಅನ್ನೋ ಮಾತಿಗೆ ನಮ್ಮ ಊರಾಗ ಅದಕ್ಕಿಂತ ಚೊಲೋ ಅರ್ಥ ನನಗ ಕಾಣೋದಿಲ್ಲ.

ಇದೆಲ್ಲ ಸಣ್ಣ ಕೆಲಸ ಅನ್ನಿಸಬಹುದು. ಆದ್ರ ಕ್ರೈಸ್ತರ ಪ್ರೀತಿ ನಮ್ಮ ಕಡೆ ಉಳಿದಿರೋದು ಇಂಥ ದಿನನಿತ್ಯದ ಕೆಲಸದಾಗೇ. ಗದಗ-ಬೆಟಗೇರಿಯ ಜರ್ಮನ್ ದವಾಖಾನಿ ನಮ್ಮ ಹಿರಿಯರಿಗೆ ಗೊತ್ತು. ಅದು ಬಾಸೆಲ್ ಮಿಷನ್‌ದವರು ಮಾಡಿದ್ದು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಾಗ ಇಲ್ಲಿಗೆ ಬಂದ್ರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಾಗ. ಸುಮಾರು 70,000 ಪದ. ನಮ್ಮ ಮಾತು ಕೇಳಿ, ಗಾದಿ ಕೇಳಿ, ಒಂದೊಂದೇ ಬರೆದಿಟ್ರು. ತಾಳ್ಮೆ ಅಂದ್ರ ಕೈಕಟ್ಟಿ ಕುಂತಿರೋದಲ್ಲ, ಬ್ಯಾಸರ ಇಲ್ಲದೇ ಮಾಡೋದು ಅನ್ನಾಕ ಇದೊಂದು ಸಾಕು.

ಕೊನೇದಾಗಿ ಒಂದು. ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 13ನೇ ಅಧ್ಯಾಯದಾಗ ಪ್ರೀತಿ ಹೆಂಗಿರತೈತಿ ಅಂತ ಪಟ್ಟಿ ಮಾಡ್ತಾ ಎಲ್ಲಕ್ಕಿಂತ ಮುಂದ ತಾಳ್ಮೆ ಇಟ್ಟಾನ. ಅದೇ ಪಟ್ಟಿಯಾಗ ಮಂದಿ ಮಾಡಿದ ಕೆಡುಕಿನ ಲೆಕ್ಕ ಇಡಬಾರದು ಅನ್ನೋದೂ ಐತಿ. ಮೂಲ ಗ್ರೀಕಿನಾಗ ಅಲ್ಲಿ ಬಳಸಿದ ಪದ ಲೆಕ್ಕಪತ್ರದ್ದೇ. ಬದುವಿನ ಜಗಳ, ಹತ್ತು ವರ್ಷದ ಹಿಂದಿನ ಮಾತು, ಮದುವಿಗೆ ಕರೀಲಿಲ್ಲ ಅನ್ನೋದು, ಇವೆಲ್ಲ ನಮಗ ಬಾಯಿಪಾಠ ಇರ್ತಾವ. ಹೋದ ವಾರದ ಆಳಿನ ಲೆಕ್ಕ ಮಾತ್ರ ಮರೀತೈತಿ.

ಬ್ಯಾಸಗಿ ಬೆಳಿ ಹಚ್ಚೋರು ಹಚ್ಚೋಕಿಂತ ಮುಂಚೆ, ಹಚ್ಚದೇ ಇರೋರು ಹಬ್ಬದೊಳಗ, ಮುಂಗಾರಿನ ಕೂಲಿ ಬಾಕಿ ಐತೇನು ಅಂತ ಮನಿಯಾಗ ಒಮ್ಮೆ ಕೇಳ್ರಿ. ಇದ್ರ ಫೋನ್ ಮಾಡಿ ಕರೀರಿ. ದುಡಿದವಳ ಕೈಗೇ ಕೊಡ್ರಿ, ಮೇಸ್ತ್ರಿ ಕೈಗಲ್ಲ. ಪೂರ್ತಿ ಆಗದಿದ್ರ ಇದ್ದಷ್ಟು ಕೊಟ್ಟು, ಉಳಿದಿದ್ದಕ್ಕ ತಾರೀಖು ಹೇಳಿ, ಆ ತಾರೀಖಿಗೆ ನೀವೇ ಅವರ ಮನಿಗೆ ಹೋಗಿ ಮುಟ್ಟಿಸ್ರಿ.

ಎಲ್ಲರಿಗೂ ಕ್ರಿಸ್‌ಮಸ್ ಶುಭಾಶಯಗಳು.