'ಟೋನ್' ಎಂಬ ಹೊಸ ಮಡಿ

ಮಡಿ-ಮೈಲಿಗೆಯನ್ನು ಮನೆಯಿಂದ, ಬಾವಿಯಿಂದ, ಊಟದ ಪಂಕ್ತಿಯಿಂದ ಹೊರಗೆ ಹಾಕಲು ಶರಣರು 12ನೇ ಶತಮಾನದಲ್ಲಿ ಪಟ್ಟ ಪಾಡು ನಿಮಗೆಲ್ಲ ಗೊತ್ತಿದೆ. ಆ ಮಡಿ ಇಂದು ಕಚೇರಿಯ ಕಂಪ್ಯೂಟರಿನೊಳಗೆ ಬಂದು ಕುಳಿತಿದೆ. ಅದರ ಈಗಿನ ಹೆಸರು 'ಟೋನ್'. "ನಿಮ್ಮ ಇಮೇಲಿನ ಟೋನ್ ಸರಿಯಿಲ್ಲ" ಎಂದು ಮೇಲಿನವರೊಬ್ಬರು ಅಂದುಬಿಟ್ಟರೆ ಬರೆದವರು ಮೈಲಿಗೆಯಾದಂತೆಯೇ. ಯಾವ ಪದ ತಪ್ಪು, ಯಾವ ಸಾಲು ತಪ್ಪು ಎಂದು ತಿರುಗಿ ಕೇಳುವ ಹಾಗಿಲ್ಲ. ಕೇಳಿದರೆ ಅದರ ಟೋನೂ ಸರಿಯಿಲ್ಲವೆನ್ನುತ್ತಾರೆ. ಬರೆದ ವಿಷಯಕ್ಕೆ ಉತ್ತರ ಕೊಡುವ ಜವಾಬ್ದಾರಿ ಅಲ್ಲಿಗೆ ಮುಗಿಯಿತು.

ನಾನು 30 ವರ್ಷ ಸರ್ಕಾರಿ ಕಚೇರಿಯಲ್ಲಿ ಕಾಯಕ ಮಾಡಿದವನು. ಟಪಾಲು ಶಾಖೆಯಲ್ಲಿ ಪತ್ರಗಳಿಗೆ ನಂಬರು ಹಾಕುವ ಕೆಲಸದಿಂದ ಆರಂಭಿಸಿ ಅಧೀಕ್ಷಕನಾಗಿ ನಿವೃತ್ತನಾದೆ. ಈಗ ಭಾನುವಾರಗಳಂದು ನಮ್ಮ ತಾಲ್ಲೂಕಿನ ಹುಡುಗ-ಹುಡುಗಿಯರಿಗೆ ಅರ್ಜಿ, ಪತ್ರ, ಇಮೇಲು ಬರೆಯುವುದನ್ನು ಹೇಳಿಕೊಡುತ್ತೇನೆ. ಅವರಲ್ಲಿ ಅನೇಕರು ಬೆಂಗಳೂರಿಗೆ, ಪುಣೆಗೆ ಕೆಲಸಕ್ಕೆ ಹೋಗಿದ್ದಾರೆ. ಅವರಿಂದ ಬರುವ ಕರೆಗಳೇ ಈ ಲೇಖನಕ್ಕೆ ಕಾರಣ.

ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಕಂಪನಿ ಸೇರಿದ ಹುಡುಗಿಯೊಬ್ಬಳು ಆರು ತಿಂಗಳಿಗೆ ನನಗೆ ಫೋನು ಮಾಡಿದಳು. ಅವಳ ಕೆಲಸದಲ್ಲಿ ಕೊರತೆಯಿಲ್ಲ ಎಂದು ವರದಿಯಲ್ಲೇ ಬರೆದಿದ್ದರು. ಆದರೂ ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಗಿತ್ತು. ಕಾರಣ: ಇಮೇಲಿನಲ್ಲಿ ಟೋನ್ ಒರಟು. ಅವಳು ಬರೆದದ್ದೇನು? "ಸೆಂಡ್ ದ ಫೈಲ್ ಬೈ ಫೋರ್. ಐ ಹ್ಯಾವ್ ಟು ಸಬ್ಮಿಟ್ ಟುಡೇ." ಅದೇ ವಾರ ಅವಳ ಮೇಲಿನವರು ಹನ್ನೆರಡು ಜನರಿಗೆ ಪ್ರತಿ ಹಾಕಿ ಅವಳಿಗೆ ಬರೆದಿದ್ದರು: "ವೈ ನಾಟ್ ಡನ್??" ಎರಡು ಪ್ರಶ್ನಾರ್ಥಕ ಚಿಹ್ನೆ, ನಮಸ್ಕಾರವಿಲ್ಲ, ಹೆಸರಿಲ್ಲ. ಆ ಟೋನನ್ನು ಯಾವ ವರದಿಯಲ್ಲೂ ಯಾರೂ ದಾಖಲಿಸಲಿಲ್ಲ.

ಮೊದಲು ಆ ಹುಡುಗಿಯ ವಾಕ್ಯ ನೋಡೋಣ. ನಮ್ಮ ಧಾರವಾಡ, ವಿಜಯಪುರದ ಕಡೆ ಮರ್ಯಾದೆಯೆಲ್ಲ ಇರುವುದು 'ರೀ'ಯಲ್ಲಿ. ಬರ್ರೀ, ಕೂಡ್ರೀ, ಹೇಳ್ರೀ, ಕಳಸ್ರೀ. ಮೈಸೂರು ಕಡೆಯವರಿಗೆ ಅದು ಕೊನೆಯ ಸ್ವರದಲ್ಲಿದೆ: 'ಕಳುಹಿಸು' ಎನ್ನುವುದು 'ಕಳುಹಿಸಿ' ಆದರೆ ಗೌರವ ಬಂದುಬಿಟ್ಟಿತು. 'ದಯವಿಟ್ಟು' ನಮ್ಮ ಮನೆಮಾತಿನ ಪದವಲ್ಲ. ಅದು ಬಸ್ ನಿಲ್ದಾಣದ ಧ್ವನಿವರ್ಧಕಕ್ಕೆ, ಕರೆಯೋಲೆಗೆ ಸೇರಿದ್ದು. ಅಳಿಯನನ್ನು ಊಟಕ್ಕೆ ಎಬ್ಬಿಸುವ ಅತ್ತೆ "ಏಳ್ರೀ, ಊಟಾ ಮಾಡ್ರೀ" ಅನ್ನುತ್ತಾಳೆ. ಅದರಲ್ಲಿ ಆಜ್ಞೆಯೂ ಇದೆ, ಅಕ್ಕರೆಯೂ ಇದೆ, ಗೌರವವೂ ಇದೆ. ಇಂಗ್ಲಿಷಿನ 'ಸೆಂಡ್'ಗೆ ಏಕವಚನ-ಬಹುವಚನದ ಭೇದವಿಲ್ಲ. ನೀನು, ನೀವು ಎರಡಕ್ಕೂ 'ಯು' ಒಂದೇ. ಆದ್ದರಿಂದ ಆ ಭಾಷೆಯವರು ಮರ್ಯಾದೆಯನ್ನು ಕ್ರಿಯಾಪದದ ಹೊರಗೆ ಇಟ್ಟುಕೊಂಡಿದ್ದಾರೆ: 'ಪ್ಲೀಸ್', 'ಕುಡ್ ಯು', 'ವುಡ್ ಯು ಮೈಂಡ್'. ಮನಸ್ಸಿನಲ್ಲಿ 'ಕಳಸ್ರೀ' ಎಂದುಕೊಂಡು 'ಸೆಂಡ್' ಎಂದು ಬರೆದ ಹುಡುಗಿ ಮರ್ಯಾದೆ ಬಿಟ್ಟವಳಲ್ಲ. ಅವಳು ಹಾಕಿದ 'ರೀ' ದಾರಿಯಲ್ಲಿ ಬಿದ್ದುಹೋಗಿದೆ. ಹಾಗೆಯೇ "ಐ ಹ್ಯಾವ್ ಎ ಡೌಟ್" ಎಂದು ನಮ್ಮ ಮಕ್ಕಳು ಬರೆದರೆ ಒಂದು ಪ್ರಶ್ನೆ ಕೇಳುವುದಿದೆ ಎಂದಷ್ಟೇ ಅರ್ಥ. ಹೊರದೇಶದವನು ಅದನ್ನು ಓದಿ ತನ್ನ ಮಾತಿನ ಮೇಲೆ ಸಂಶಯಪಟ್ಟರು ಎಂದುಕೊಳ್ಳುತ್ತಾನೆ. ಇದು ಭಾಷೆ ಕಲಿಯುವ ಹಾದಿಯಲ್ಲಿ ಬರುವ ತೊಡಕು. ಐದು ನಿಮಿಷ ಕೂರಿಸಿಕೊಂಡು ಹೇಳಿದರೆ ತೀರುವಂಥದ್ದು. ಅದನ್ನು ನಡತೆಯ ದೋಷವೆಂದು ವರದಿಯಲ್ಲಿ ಬರೆಯುವುದು ಅನ್ಯಾಯ.

ಟೋನ್ ಎಂಬುದು ಬರೆದವರ ಬೆರಳಿನಲ್ಲಿ ಎಷ್ಟಿದೆಯೋ ಓದುವವರ ಮನಸ್ಸಿನಲ್ಲೂ ಅಷ್ಟೇ ಇದೆ. ಇದು ನನ್ನೊಬ್ಬನ ಮಾತಲ್ಲ. 2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ತಿಳಿಸಬೇಕು. ಕೇಳಿದವರು ಯಾವುದು ಗಂಭೀರ, ಯಾವುದು ವ್ಯಂಗ್ಯ ಎಂದು ಗುರುತಿಸಬೇಕು. ಇಮೇಲಿನಲ್ಲಿ ಬರೆದವರು 100ಕ್ಕೆ 78ರಷ್ಟಾದರೂ ಸರಿಯಾಗಿ ಅರ್ಥವಾಗುತ್ತದೆ ಎಂದು ನಂಬಿದ್ದರು. ಅರ್ಥವಾದದ್ದು 56ರಷ್ಟು. ನಾಣ್ಯ ಚಿಮ್ಮಿ ಹೇಳಿದ್ದರೂ 50ರಷ್ಟು ಸರಿಹೋಗುತ್ತಿತ್ತು! ಅದೇ ವಾಕ್ಯಗಳನ್ನು ಬಾಯಿಂದ ಹೇಳಿದಾಗ 73ರಷ್ಟು ಸರಿಯಾಗಿ ಮುಟ್ಟಿತು. 2008ರಲ್ಲಿ ಕ್ರಿಸ್ಟಿನ್ ಬೈರನ್ ಎಂಬ ವಿದ್ವಾಂಸರು ಕಚೇರಿಯ ಇಮೇಲುಗಳ ಬಗ್ಗೆಯೇ ಬರೆದರು. ಸಂತೋಷದಿಂದ ಬರೆದದ್ದು ಓದುವವರಿಗೆ ಸಪ್ಪೆಯಾಗಿ ಕಾಣುತ್ತದೆ, ಸಪ್ಪೆಯಾಗಿ ಬರೆದದ್ದು ಸಿಟ್ಟಿನಂತೆ ಕಾಣುತ್ತದೆ ಎಂಬುದು ಅವರ ವಾದ. ಮುಖವಿಲ್ಲ, ದನಿಯಿಲ್ಲ, ಕಣ್ಣಿಲ್ಲ. ಖಾಲಿ ಬಿಟ್ಟ ಜಾಗವನ್ನು ಓದುವವರು ತಮ್ಮ ಮನಸ್ಸಿನಿಂದ ತುಂಬಿಕೊಳ್ಳುತ್ತಾರೆ.

ಯಾರು ಯಾವುದರಿಂದ ತುಂಬಿಕೊಳ್ಳುತ್ತಾರೆ ಎಂಬುದರಲ್ಲೇ ಎಲ್ಲ ಇದೆ. ಮೇಲಿನವರು ರಾತ್ರಿ ಹತ್ತಕ್ಕೆ "ನಾಳೆ ಬಂದು ಕಾಣಿ" ಎಂದು ಮೂರೇ ಪದ ಬರೆಯುತ್ತಾರೆ. ಅವರಿಗೆ ಅದು ಮರೆಯದಿರಲೆಂದು ಬರೆದ ಒಂದು ಸಾಲು. ಓದಿದ ಗುಮಾಸ್ತನಿಗೆ ಆ ರಾತ್ರಿ ನಿದ್ದೆಯಿಲ್ಲ. ಅವನು ಖಾಲಿ ಜಾಗವನ್ನು ತುಂಬಿಕೊಂಡದ್ದು ಭಯದಿಂದ. ಕೆಳಗಿನವನು "ಈ ಬಿಲ್ಲು ಮೂರು ವಾರದಿಂದ ತಮ್ಮ ಬಳಿ ಬಾಕಿ ಇದೆ" ಎಂದು ಬರೆದರೆ ಅದು ಬರೀ ವಿಷಯ. ಆದರೆ ಓದುವ ಸಾಹೇಬರು ಆ ಜಾಗವನ್ನು ತುಂಬಿಕೊಳ್ಳುವುದು ತಮ್ಮ ಪ್ರತಿಷ್ಠೆಯಿಂದ: "ನನಗೇ ಹೇಳ್ತಾನೇನು?" ಭಯಪಟ್ಟವನಿಗೆ ದೂರು ಕೊಡುವ ಧೈರ್ಯವಿಲ್ಲ. ಪ್ರತಿಷ್ಠೆಗೆ ಪೆಟ್ಟು ಬಿದ್ದವರಿಗೆ ನೋಟೀಸು ಕೊಡುವ ಅಧಿಕಾರವಿದೆ. ಹೀಗಾಗಿ ಕಡತದಲ್ಲಿ ಯಾವಾಗಲೂ ಕೆಳಗಿನವನದೇ ಟೋನ್ ತಪ್ಪು!

ನಮ್ಮ ಸರ್ಕಾರಿ ಪತ್ರಗಳ ಭಾಷೆಯೇ ಇದಕ್ಕೆ ಅಡಿಪಾಯ ಹಾಕಿದೆ. ಕೆಳಗಿನಿಂದ ಮೇಲೆ ಹೋಗುವ ಕಾಗದ 'ಸಲ್ಲಿಸಿದೆ'. ಮೇಲಿನಿಂದ ಕೆಳಗೆ ಬರುವುದು 'ಕಳುಹಿಸಿದೆ'. ಮೇಲಕ್ಕೆ 'ಕೋರಿದೆ', 'ವಿನಂತಿಸಿದೆ'. ಕೆಳಕ್ಕೆ 'ಸೂಚಿಸಿದೆ', 'ತಾಕೀತು ಮಾಡಿದೆ', 'ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು'. ಜರುಗಿಸುವವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಬ್ರಿಟಿಷರ ಕಾಲದಿಂದ ಬಂದ ಈ ನುಡಿಗಟ್ಟಿನಲ್ಲಿ ಅಧಿಕಾರ ಮಾತಾಡುತ್ತದೆ, ಮನುಷ್ಯ ಮಾತಾಡುವುದಿಲ್ಲ. ಹಾಗೆಂದು ಆ ಹಳೆಯ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು. ಅರೆ ಸರ್ಕಾರಿ ಪತ್ರ ಎಂಬುದೊಂದು ಇದೆ. ಅದರಲ್ಲಿ ಅಧಿಕಾರಿ ಇನ್ನೊಬ್ಬ ಅಧಿಕಾರಿಯನ್ನು ಹೆಸರು ಹಿಡಿದು, 'ಪ್ರಿಯ' ಎಂದು ಕರೆದು, 'ನಾನು' ಎಂದು ಬರೆದು, ಸಹಿ ಹಾಕುತ್ತಾನೆ. ಕಾಗದದಲ್ಲಿ ಮನುಷ್ಯನಾಗಿ ಮಾತಾಡುವುದು ಅಧಿಕಾರಿಗಳಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದೆ. ಸರಿಸಮಾನರೆಂದು ಒಪ್ಪಿಕೊಂಡವರೊಡನೆ ಮಾತ್ರ ಹಾಗೆ ಮಾತಾಡುತ್ತಾರೆ.

ಶರಣರು ಇದನ್ನು ತಲೆಕೆಳಗು ಮಾಡಿದರು. ಚಪ್ಪಲಿ ಹೊಲಿಯುವ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವ. ಈ ಹೆಸರುಗಳ ಕೊನೆಯಲ್ಲಿರುವ 'ಅಯ್ಯ', 'ಅಮ್ಮ', 'ಅವ್ವ'ಗಳನ್ನು ಗಮನಿಸಿ. ಊರು ಯಾರನ್ನು ಏಕವಚನದಲ್ಲಿ ಕೂಗುತ್ತಿತ್ತೋ ಅವರಿಗೆ ಗೌರವ ಸಂದಿತು. ಗೌರವ ಮೇಲಿನಿಂದ ಕೆಳಗೆ ಹರಿಯಿತು. ಇನ್ನು ಅಂಬಿಗರ ಚೌಡಯ್ಯನವರ ಮಾತು ಎಂಥದ್ದು? ಡಾಂಭಿಕರನ್ನು ಅವರು ಬೈದ ಬಿರುಸು ಕನ್ನಡದಲ್ಲಿ ಇನ್ನೊಬ್ಬರಲ್ಲಿ ಸಿಗುವುದು ಕಷ್ಟ. ಆ ದೋಣಿ ನಡೆಸುವವರನ್ನು "ನಿಮ್ಮ ಟೋನ್ ಸರಿಯಿಲ್ಲ, ತಿದ್ದಿಕೊಂಡು ಬನ್ನಿ" ಎಂದು ಶರಣರು ಹೊರಗೆ ನಿಲ್ಲಿಸಲಿಲ್ಲ. ಅವರನ್ನು ನಿಜಶರಣರೆಂದು ಕರೆಯಿತು ಪರಂಪರೆ. ಅವರು ಹೇಳಿದ್ದರಲ್ಲಿ ನಿಜವಿದೆಯೇ ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಪ್ರತಿ ಬಸವ ಜಯಂತಿಯಲ್ಲಿ ಚೌಡಯ್ಯನವರನ್ನು ನೆನೆದು ಚಪ್ಪಾಳೆ ತಟ್ಟುವ ನಾವು, ನಮ್ಮ ಕೈಕೆಳಗಿನ ಅಟೆಂಡರು ಒಂದು ಖಾರದ ಸಾಲು ಬರೆದರೆ ಕಾರಣ ಕೇಳಿ ನೋಟೀಸು ಕೊಡುತ್ತೇವೆ. ಇದ್ಯಾವ ನಡೆ, ಇದ್ಯಾವ ನುಡಿ?

"ಹಾಗಾದರೆ ಯಾರು ಬೇಕಾದರೂ ಒರಟಾಗಿ ಬರೆಯಬಹುದೋ?" ಎಂದು ಕೇಳುವವರು ಇದ್ದೇ ಇರುತ್ತೀರಿ. ಖಂಡಿತ ಕೂಡದು. ನನ್ನ ತರಗತಿಯಲ್ಲಿ ನಾನು ಮೊದಲು ಹೇಳಿಕೊಡುವುದೇ ಮರ್ಯಾದೆ. ಹೆಸರು ಹಿಡಿದು ಆರಂಭಿಸು, ಏನು ಬೇಕೆಂದು ಒಂದೇ ಸಾಲಿನಲ್ಲಿ ಹೇಳು, ಏಕೆ ಬೇಕೆಂದು ಇನ್ನೊಂದು ಸಾಲಿನಲ್ಲಿ ಹೇಳು, ಇಂಗ್ಲಿಷಾದರೆ 'ಪ್ಲೀಸ್' ಸೇರಿಸು, ಸಿಟ್ಟಿನಲ್ಲಿ ಬರೆದದ್ದನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಓದಿ ನೋಡು. ಈ ಕೊನೆಯ ಮಾತು 1995ರ ಅಕ್ಟೋಬರಿನಲ್ಲಿ ಅಂತರ್ಜಾಲ ಬಳಕೆದಾರರಿಗೆಂದು ಹೊರಟ 'ಆರ್‌ಎಫ್‌ಸಿ 1855' ಎಂಬ ಶಿಷ್ಟಾಚಾರದ ಕೈಪಿಡಿಯಲ್ಲೇ ಇದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಪೂರ್ತಿ ಬರೆದರೆ ಕಿರುಚಿದಂತೆ ಕಾಣುತ್ತದೆ ಎಂದೂ ಅದು ಎಚ್ಚರಿಸಿದೆ. ಆದರೆ ಅದೇ ಕೈಪಿಡಿ ಇನ್ನೊಂದನ್ನೂ ಹೇಳಿತ್ತು: ಕಳಿಸುವಾಗ ಹಿಡಿತವಿರಲಿ, ಬಂದದ್ದನ್ನು ಓದುವಾಗ ಉದಾರತೆಯಿರಲಿ. ನಮ್ಮ ಕಚೇರಿಗಳು ಇದರ ಮೊದಲರ್ಧವನ್ನು ಕೆಳಗಿನವರಿಗೆ ನಿಯಮ ಮಾಡಿದವು. ಎರಡನೆಯ ಅರ್ಧವನ್ನು ಮೇಲಿನವರು ಓದಲೇ ಇಲ್ಲ.

"ನಮಗೆ ದಿನಕ್ಕೆ ನೂರು ಮೇಲು ಬರುತ್ತವೆ, ಉದ್ದುದ್ದ ಬರೆಯಲು ಪುರುಸೊತ್ತಿಲ್ಲ" ಎಂದು ಅಧಿಕಾರಿಗಳು ಹೇಳುತ್ತಾರೆ. ಉದ್ದ ಯಾರೂ ಕೇಳಿಲ್ಲ. 'ಏಕೆ ಆಗಿಲ್ಲ?' ಎಂಬುದರ ಬದಲು 'ಎಲ್ಲಿ ನಿಂತಿದೆ, ಹೇಳಿ' ಎಂದು ಬರೆಯಲು ಒಂದು ಪದ ಹೆಚ್ಚು ಸಾಕು. ಪುರುಸೊತ್ತಿಲ್ಲದ ಅಧಿಕಾರಿಯೇ ತನ್ನ ಮೇಲಿನವರಿಗೆ ಬರೆಯುವಾಗ 'ಮಾನ್ಯರೇ' ಎಂದು ಆರಂಭಿಸಿ 'ತಮ್ಮ ವಿಶ್ವಾಸಿ' ಎಂದು ಮುಗಿಸಲು ಪುರುಸೊತ್ತು ಮಾಡಿಕೊಳ್ಳುವುದನ್ನು ನಾನು 30 ವರ್ಷ ಕಣ್ಣಾರೆ ಕಂಡಿದ್ದೇನೆ.

ಈ ಪತ್ರಿಕೆ ಮಠಗಳ ಮೂಲಕ ಶಾಲೆ, ಕಾಲೇಜು, ಸಹಕಾರಿ ಬ್ಯಾಂಕುಗಳ ಆಡಳಿತ ನಡೆಸುವವರ ಕೈಗೂ ಹೋಗುತ್ತದೆ. ಅವರಲ್ಲಿ ನನ್ನ ಕೋರಿಕೆ ನಾಲ್ಕೇ. ಒಂದು, ಟೋನಿನ ದೂರು ಬಂದರೆ ಯಾವ ಪದ, ಯಾವ ಸಾಲು ಎಂದು ತೋರಿಸಿದ ಮೇಲೆಯೇ ದಾಖಲಿಸಿ, ಮತ್ತು ಬರೆದವರು ಕೇಳಿದ್ದಕ್ಕೆ ಉತ್ತರ ಹೋಗಿದೆಯೇ ಎಂದು ಮೊದಲು ನೋಡಿ. ಎರಡು, ತಪ್ಪನ್ನು ಒಬ್ಬರಿಗೇ ಹೇಳಿ. ಹತ್ತು ಜನರಿಗೆ ಪ್ರತಿ ಹಾಕಿ ಹೇಳುವುದು ಊರ ಕಟ್ಟೆಯ ಮೇಲೆ ನಿಲ್ಲಿಸಿ ಬೈದಂತೆ. ಹೊಗಳುವುದಿದ್ದರೆ ಎಲ್ಲರಿಗೂ ಪ್ರತಿ ಹಾಕಿ. ಮೂರು, ಮನಸ್ಸಿಗೆ ನೋವಾಗಬಹುದಾದ ಮಾತನ್ನು ಬರೆಯಬೇಡಿ, ಕರೆದು ಕೂರಿಸಿ ಹೇಳಿ, ಇಲ್ಲವೇ ಫೋನು ಮಾಡಿ. ದನಿಯಲ್ಲಿ ಸೇರುವ 'ರೀ' ಅಕ್ಷರದಲ್ಲಿ ಸೇರುವುದಿಲ್ಲ. ನಾಲ್ಕು, ವರ್ಷಕ್ಕೊಮ್ಮೆ ಸಿಬ್ಬಂದಿಯ ನಡತೆಯನ್ನು ಅಳೆಯುತ್ತೀರಲ್ಲ, ಅಂದು ಮುಖ್ಯಸ್ಥರು ಸಿಪಾಯಿಗೆ, ಗುಮಾಸ್ತರಿಗೆ, ಅತಿಥಿ ಉಪನ್ಯಾಸಕರಿಗೆ ಕಳಿಸಿದ ಹತ್ತು ಇಮೇಲುಗಳನ್ನೂ ತೆಗೆದು ಓದಿ.

ಒಂದು ಸಂಸ್ಥೆಯ ಮರ್ಯಾದೆ ಎಷ್ಟೆಂದು ತಿಳಿಯಲು ಅಲ್ಲಿನ ಗುಮಾಸ್ತ ಅಧ್ಯಕ್ಷರಿಗೆ ಬರೆದ ಪತ್ರ ನೋಡಬೇಕಾಗಿಲ್ಲ. ಹೊಟ್ಟೆಪಾಡು ಅದನ್ನು ಚೆನ್ನಾಗಿಯೇ ಬರೆಸಿರುತ್ತದೆ. ಅಧ್ಯಕ್ಷರು ಗುಮಾಸ್ತನಿಗೆ ಬರೆದ ಪತ್ರ ಹುಡುಕಿ ತೆಗೆಯಿರಿ.